ಮೂರು ಬಟ್ಟು

ಹಿಡಿಯೂದಕ್ಕ ಒಂದು ರೀತಿ ಐತಿ:
ಎಡಗೈಯಾಗ ಎರಡೂ ಕಾಲು, ಎದಿ ಮುಂಗೈ ಮ್ಯಾಲ,
ತಲಿ ನನ್ನ ಬಗಲಾಗ. ಕತ್ತಲಾತಂದ್ರ ಕೋಳಿ ಸುಮ್ಮನಾಗತೈತಿ.
ಬಾಲದ ಬುಡಕ್ಕ ಎರಡು ಎಲುಬು. ಅವುಗಳ ನಡುವ
ಒಂದ ಬಟ್ಟು ಹಿಡಿದರ ಸಾರಿಗೆ,
ಮೂರು ಬಟ್ಟು ಹಿಡಿದರ ಬೀಜಕ್ಕ.
ಎರಡು ಹಿಡಿಯೂವ ಭಾಳ.
ಅವುಗಳ ಬಗ್ಗೆ ರಾತ್ರಿ ವಿಚಾರ ಮಾಡಬೇಕು.

ಡೋಣಿಯಾಗ ಕಂಡಕಂಡವರು ಕೇಳತಾರ:
"ಫಾರ್ಮಿನ ಮರಿ ತಂದರ ಒಂದೂವರಿ ತಿಂಗಳಿಗೆ ಎರಡು ಕಿಲೋ.
ಜವಾರಿ ಹಿಂದ ಬಿದ್ದು ಏನ ಹುಚ್ಚ ಗಾಳೆವ್ವ ನಿಂದು?"
ಏನ ಹೇಳ್ಲಿ. ನನಗ ಬೇಕಾದ ಕೋಳಿ
ಇನ್ನೂ ಹುಟ್ಟಿಲ್ಲ.
ವರ್ಷಕ್ಕ ನೂರಾ ಇಪ್ಪತ್ತು ತತ್ತಿ ಇಡಬೇಕು,
ಅದರ ತಮ್ಮ ತಕ್ಕಡ್ಯಾಗ ಕುಂತರ ಕಲ್ಲು ಮ್ಯಾಲೇಳಬೇಕು,
ಹದ್ದಿನ ನೆರಳು ಬಿದ್ದರ ಜಾಲಿಕಂಟಿ ಹೊಗಬೇಕು,
ಮತ್ತ ಕಾವಿಗೂ ಕುಂಡ್ರಬೇಕು.
ಒಂದು ಕೂಡಿದರ ಒಂದು ಬಿಡತೈತಿ.
ಭಾರ ಬಂದ ವರ್ಷ ತತ್ತಿ ಇಳಿದುವು.
ತತ್ತಿ ಏರಿದ ವರ್ಷ, ಹನ್ನೊಂದನ್ನ ಬುಟ್ಟಿಯಾಗ ತಣ್ಣಗ ಬಿಟ್ಟು
ತಿಪ್ಪಿ ಕೆದರಾಕ ಹೋದಳು ಒಬ್ಬಾಕಿ, ಹಾಡಿಕೋತ.

ಲೆಕ್ಕ ಬರಿಯಾಕಿ ಹುಲಿಗೆವ್ವ, ನನ್ನ ಮಗಳು.
ಕರೆಂಟಿನ ವೈರು ಸುಲಿದು ಕೋಳಿ ಕಾಲಿಗೆ ಉಂಗುರ ಮಾಡತಾಳ:
ಕೆಂಪ ಅಂದ್ರ ಕೆಂದಿ ಮಕ್ಕಳು, ಹಳದಿ ಅಂದ್ರ ಬೂದಿಯವು,
ಹಸರ ಅಂದ್ರ, ದಾವಲಸಾಬ ಸೂರಣಗಿಯಿಂದ
ಸೈಕಲ್ ಹ್ಯಾಂಡಲಿಗೆ ಕಟಗೊಂಡ ತಂದ ಹುಂಜಿನ ಸಂತಾನ.
"ರಕ್ತಾ ಬದಲಾಗಬೇಕವ್ವ" ಅಂದಿದ್ದ ಆತ.
"ಅಣ್ಣ ತಂಗಿ, ಮಾವ ಸೊಸಿ ಕೂಡಿಕೋತ ಹೋದರ
ನಾಕನೇ ತಲಿಗೆ ತತ್ತಿ ಒಡೀದನ ಕೊಳೀತಾವು.
ಮರಿ ಬಂದರೂ ಬಟ್ಟು ಸೊಟ್ಟ."

ಹೂಂ ಅಂದೆ. ಚಾ ಕೊಟ್ಟೆ.
ಕಟ್ಟಿಮ್ಯಾಲ ಫಕೀರಪ್ಪ ಕುಂತಿದ್ದ, ನನ್ನ ಗಂಡ,
ನಮ್ಮವ್ವನ ಒಡಹುಟ್ಟಿದ ತಮ್ಮ.
ದಾವಲಸಾಬಗ ತಡಾಗಿ ನೆನಪಾತು.
ಬಸಿಯೊಳಗ ಮಾರಿ ಇಟ್ಟು ಕುಡದೇ ಕುಡದ.

ಹೊಲ ಹೊರಗ ಹೋಗಬಾರದು ಅಂದಿದ್ದ ನಮ್ಮಜ್ಜ. ಹೋಗಲಿಲ್ಲ.
ಕೂಸಿನ ಹಿಂದ ನಿಂತು ನಾ ತಾಟು ಬಡದೆ,
ಅಂಚು ಬಾಗೂತನ ಬಡದೆ, ಕೂಸು ತಿರುಗಲಿಲ್ಲ.
ಹುಬ್ಬಳ್ಳಿ ದವಾಖಾನಿಯಾಗ ಮೊದಲ ಕೇಳಿದ್ದು:
"ಸಂಬಂಧದಾಗ ಕೊಟ್ಟಾರೇನು?"
ಆ ತಾಟಿನಾಗ ಈಗ ಮರಿಗೆ ಗೋವಿನಜೋಳದ ನುಚ್ಚು.

ಹುಂಜ ಕೂಗೂದನ್ನ ಹುಲಿಗೆವ್ವ ನೋಡತಾಳ:
ಕುತ್ತಿಗಿ ಗರಿ ನಿಮಿರೂದು, ಎದಿ ಎಷ್ಟೊತ್ತು ತುಂಬಿರತೈತಿ,
ಹಿಂದ ಗುಡ್ಡದ ಮ್ಯಾಲ ಗಾಳಿಯಂತ್ರ ತಿರಗತಿರತೈತಿ.
ಕೊಕ್ಕರಿ ರೋಗ ಬಂದ ವರ್ಷ ಯಾವದರ ಕೂಗು ಸಣ್ಣಾತಂತ
ನನಗಿಂತ ಎರಡು ದಿನ ಮೊದಲ
ಬಟ್ಟು ಮಾಡಿ ತೋರಿಸಿದಾಕಿ ಅಕಿನ.

ನನ್ನ ಅಣ್ಣ ಕೇಳಿ ಕಳಿಸ್ಯಾನ, ಅಕಿನ್ನ, ತನ್ನ ಮಗಗ.
ಫೋನ್ ಇನ್ನೂ ಹಚ್ಚಿಲ್ಲ.

ನಿನ್ನೆ ಸಂಜಿಗೆ ಆರಿಸಾಕ ಕುಂತಿವಿ.
ಹಳದಿ ಉಂಗುರದ್ದು ಒಂದು, ಬೂದಿ ಮೊಮ್ಮಗಳು,
ಮೂರು ಬಟ್ಟು ಸಲೀಸು ಹಿಡೀತು, ಎದಿ ಎಲುಬು ನೆಟ್ಟಗ,
ಆದರ ಎಡಗಾಲಿನ ನಡುಬಟ್ಟು ಸೊಟ್ಟ.
ಸೆರಗಿನ ಮರಿಗೆ ನಾ ಆ ಕಾಲು ಮುಚ್ಚಿದೆ.
ಹುಲಿಗೆವ್ವ ಸೆರಗು ಸರಿಸಿದಳು,
ನನ್ನ ಮಾರಿ ನೋಡಿದಳು,
ತನ್ನ ಕಿವಿ ಮುಟ್ಟಿಕೊಂಡು, ಕೋಳಿ ಕಾಲು ಮುಟ್ಟಿ,
ಅಲ್ಲ ಅಲ್ಲ ಅಂತ ಕೈ ಅಲ್ಲಾಡಿಸಿ
ನಕ್ಕಳು. ಜೋರ ನಕ್ಕಳು. ಅಕಿ ನಗಿ ಎಷ್ಟು ಜೋರು ಅಕಿಗೆ ಗೊತ್ತಿಲ್ಲ.
ಕೋಳಿನ್ನ ಒಯ್ದು ಮಾರೂ ಬುಟ್ಟಿಗೆ ಹಾಕಿದಳು.

ಬೆಳಿಗ್ಗೆ ಮುಂಡರಗಿ ವ್ಯಾಪಾರಿ ಬುಟ್ಟಿ ಎತ್ತಿದರ
ಹುಲ್ಲಿನಾಗ ತತ್ತಿ ಒಂದು, ಇನ್ನೂ ಬಿಸಿ.
"ಇದು ನಿಮ್ಮದವ್ವ" ಅಂದು ಕೊಟ್ಟು ಹ್ವಾದ.
ಹುಲಿಗೆವ್ವ ನೋಟಬುಕ್ಕು ತಗದಳು.
ಹೊಡೆದು ಹಾಕಿದ್ದ ಸಾಲಿನ ಕೆಳಗ, ದುಂಡಗ:
ಹಳದಿ, ಒಂದು.