ಕಿವಿಯ ಹಿಂದಿನ ಬೊಟ್ಟು

ಬಾಟಲಿಯ ಕೊರಳಲ್ಲಿ ತೆಂಗಿನೆಣ್ಣೆ ಕಟ್ಟಿ ನಿಂತರೆ
ಕಾರವಾರಕ್ಕೆ ಚಳಿ ಬಂತೆಂದು ಲೆಕ್ಕ.
ಅಂಥ ಒಂದು ಭಾನುವಾರ, ಆರೂಕಾಲಿಗೆ,
ಯುದ್ಧನೌಕೆ ಮ್ಯೂಸಿಯಮ್ಮಿನ ಮುಂದೆ ನಾವು ಹತ್ತೊಂಬತ್ತು ಜನ.
ನನ್ನ ಕೊರಳಲ್ಲಿ ಮಗಳ ಹೆಸರಿನ ಚೀಟಿ:
ಮೃಣ್ಮಯಿ, ಆರನೆಯ ಇಯತ್ತೆ.
ಅವಳು ಕೆಮ್ಮುತ್ತ ಹಾಸಿಗೆಯಲ್ಲಿ; ಕಟ್ಟಿದ ಐವತ್ತು ರೂಪಾಯಿ
ವಾಪಸು ಕೊಡುವುದಿಲ್ಲವಂತೆ.
ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷದಿಂದ
ಎಷ್ಟು ಗಡ್ಡೆ ಹೋಯಿತು, ಎಷ್ಟು ಕರಗಿತು ಎಂದು ಬರೆಯುವ ನಾನು
ಸಮುದ್ರ ನೋಡುವುದು
ಬಸ್ಸಿನಲ್ಲಿ ಬಲಗಡೆ ಸೀಟು ಸಿಕ್ಕ ಬೆಳಿಗ್ಗೆ.

ದಾರಿ ತೋರುವವಳು ತನುಜಾ ತಾಂಡೇಲ,
ಕಡಲಜೀವಿಗಳನ್ನು ಓದುವ ಹುಡುಗಿ,
ಪ್ಯಾಂಟು ಮೊಣಕಾಲಿಗೆ ಮಡಚಿದ್ದಾಳೆ.
"ಚಪ್ಪಲಿ ಕೈಯಲ್ಲಿ. ಮಾತು ಬಾಯಲ್ಲೇ.
ನೀರು ಇಳಿದು ಮುಗಿಯುವುದು ಏಳೂಮುಕ್ಕಾಲಿಗೆ,
ಅಷ್ಟರೊಳಗೆ ಅಳಿವೆ ಮುಟ್ಟಬೇಕು."

ಗಾಳಿಮರಗಳಾಚೆ ಹೆದ್ದಾರಿಯ ಲಾರಿಗಳು ಹಾರ್ನ್ ಹೊಡೆಯುತ್ತಿವೆ.
ಈಚೆ ಅವಳು ಕುಕ್ಕರಗಾಲಲ್ಲಿ ಕೂತು
ಒಂದು ತೂತು, ತೂತಿನ ಸುತ್ತ ಸಾಸಿವೆಯಷ್ಟು ಉಂಡೆಗಳನ್ನು ತೋರಿಸಿ:
"ಏಡಿ ಬಾಯಾಡಿಸಿ ಬಿಟ್ಟ ಮರಳು ಇದು.
ತಿನ್ನುವುದು ಕಣಕ್ಕಂಟಿದ ಜಿಡ್ಡು ಮಾತ್ರ."
ಇಷ್ಟು ವರ್ಷ ನಾನು, ಯಾರೋ ಮಕ್ಕಳ ಆಟ ಎಂದುಕೊಂಡಿದ್ದೆ.
ನಿವೃತ್ತ ಅಬಕಾರಿ ಇನ್‌ಸ್ಪೆಕ್ಟರು ಒಂದುಂಡೆ ಒತ್ತಿ ನೋಡಿ
"ಇಷ್ಟಕ್ಕೆ ಇಷ್ಟು ಕಷ್ಟವೆ" ಎಂದರು.

ಆಮೇಲೆ ಹಕ್ಕಿ.
ಒದ್ದೆ ಮರಳಿನ ಅಂಚಿಗೆ, ಎಲ್ಲವೂ ಗಾಳಿಗೆ ಮುಖ ಕೊಟ್ಟು,
ರೇಶನ್ ಅಂಗಡಿ ಇನ್ನೂ ತೆರೆದಿಲ್ಲವೆಂಬಂತೆ.
"ಕಂದುತಲೆ ಕಡಲಕ್ಕಿ," ಎಂದಳು. ತಲೆ ಬಿಳಿ ಇದೆಯಲ್ಲ?
"ಕಂದು ಬೇಸಿಗೆಯದು, ಲಡಾಖಿನ ಕಡೆ ಕೆರೆದಂಡೆಯಲ್ಲಿ
ಮೊಟ್ಟೆಯಿಡುವಾಗಿನದು. ಇಲ್ಲಿಗೆ ಕಳಚಿ ಬರುತ್ತವೆ.
ಉಳಿಯುವುದು ಇಷ್ಟೆ, ನೋಡಿ, ಕಿವಿಯ ಹಿಂದೆ."

ದುರ್ಬೀನು ನನ್ನ ಸರದಿಗೆ ಬಂದಾಗ
ಮೊದಲು ನನ್ನ ರೆಪ್ಪೆಯೇ ಕಂಡಿತು, ಆಮೇಲೆ ಬರೀ ನೀರು,
ಆಮೇಲೆ ಒಂದು ಹಕ್ಕಿ, ಒಂಟಿಕಾಲಲ್ಲಿ.
ಕಿವಿಯ ಹಿಂದೆ ಕಾಡಿಗೆಯ ಬೊಟ್ಟು.
ಯಾರೋ ಹೊರಡಿಸುವ ಗಡಿಬಿಡಿಯಲ್ಲಿ
ಬೆರಳಲ್ಲಿ ಉಳಿದ ಮಸಿಯನ್ನೇ ಒತ್ತಿ ಕಳಿಸಿದ ಹಾಗೆ.
ಮೃಣ್ಮಯಿಗೆ ಇಡುವುದನ್ನು ನಾನು ಬಿಟ್ಟದ್ದು ಯಾವಾಗ?
ಅವಳೇ ಒಂದು ದಿನ ತಲೆ ಕೊಡವಿದ್ದಳು. ಮೂರನೆಯ ಇಯತ್ತೆ ಇರಬೇಕು.

ಕೋಡಿಬಾಗದ ಹತ್ತಿರ ತನುಜಾ ಕೈ ಎತ್ತಿದಳು.
"ಇನ್ನು ಅಲುಗಬೇಡಿ. ನೂರು ಎಣಿಸಿ.
ನಾವು ಮರಗಳೆಂದು ಏಡಿಗಳಿಗೆ ಅನ್ನಿಸಬೇಕು."

ಹತ್ತೊಂಬತ್ತು ಮರ ನಿಂತೆವು.
ಒಬ್ಬರ ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು.
ಮೂವತ್ತಕ್ಕೆ ಒಂದು ಕಣ್ಣು, ಕಡ್ಡಿಯ ತುದಿಯಲ್ಲಿ.
ನಲವತ್ತೈದಕ್ಕೆ ನನ್ನ ಹೆಬ್ಬೆರಳ ಪಕ್ಕದ ಮರಳು ಉಸಿರಾಡಿತು.
ಅರವತ್ತಕ್ಕೆ ಇಡೀ ದಂಡೆ ಹೊರಗೆ,
ಒಂದೊಂದೂ ತನ್ನ ತನ್ನ ಬಾಗಿಲಲ್ಲಿ,
ಬೆಳಕು ಹರಿಯುವ ಮೊದಲು ಅಂಗಳ ಗುಡಿಸುವ ಹೆಂಗಸರು.

ಅಷ್ಟರಲ್ಲಿ ಅಳಿವೆಯ ಕಡೆಯಿಂದ ಒಬ್ಬಳು,
ಸೊಂಟದವರೆಗೆ ಒದ್ದೆ, ತಲೆಯ ಮೇಲೆ ಬಳಚಿನ ಬುಟ್ಟಿ,
ಸೋರಿದ ನೀರು ಕೆನ್ನೆಗುಂಟ ಇಳಿಯುತ್ತಿದೆ.
ತಗ್ಗಿದ ಹತ್ತೊಂಬತ್ತು ತಲೆ ಕಂಡು ನಿಂತಳು.
ಏಡಿಗಳೆಲ್ಲ ಒಮ್ಮೆಗೇ ಒಳಗೆ.
"ಕಿತೆಂ ಸಾಂಡ್ಲಾಂ ಗೋ?" ನನ್ನನ್ನೇ ಕೇಳಿದಳು.
ಏನು ಕಳೆಯಿತೇ? ಬಂಗಾರವೆ?
ಕೇಳುತ್ತಲೇ ಬುಟ್ಟಿ ಇಳಿಸಿಯೂ ಬಿಟ್ಟಳು.

ಏನಿಲ್ಲ ಎನ್ನಬೇಕಿತ್ತು. ಏಡಿ ನೋಡಲು ದುಡ್ಡು ಕೊಟ್ಟು ಬಂದಿದ್ದೇವೆ
ಎಂದು ಹೇಗೆ ಹೇಳಲಿ ಇವಳಿಗೆ?
ಓಲೆ, ಎಂದುಬಿಟ್ಟೆ. ಕಿವಿಯದು.

ಪಾದವನ್ನು ಅಡ್ಡಡ್ಡ ತಿರುವಿ
ಬಳಚು ಹುಡುಕುವ ಹಾಗೇ ಮರಳು ಬಗೆದಳು,
ಬೆರಳ ತುದಿಯಲ್ಲಿ ಕಣ್ಣಿದ್ದವರಂತೆ.
ಒಂದು ಚಿಪ್ಪು ಬಂತು, ಒಂದು ಸೋಡಾ ಮುಚ್ಚಳ,
ಇನ್ನೊಂದು ಚಿಪ್ಪು.
ಉಳಿದವರು ತನುಜಾಳ ಹಿಂದೆ ಕಾಂಡ್ಲಾ ಗಿಡಗಳತ್ತ ಹೋದರು.

ಗಾಳಿಗೆ ಸೆರಗು ತಲೆಯಿಂದ ಜಾರಿತು.
ಅವಳು ನೋಡಿದಳು. ಎರಡೂ ಕಿವಿ, ಎರಡೂ ಓಲೆ.
ಏನೂ ಅನ್ನಲಿಲ್ಲ.
ಹುಡುಕುತ್ತಲೇ ಇದ್ದಳು
ನೀರು ಏರತೊಡಗುವವರೆಗೆ.