ಇಂಚು

ಗಂಡಾಗಲಿ ಹೆಣ್ಣಾಗಲಿ, ಹೆಸರು ಮೊದಲೇ ಇಟ್ಟಿದ್ದೆವು: ಇಂಚರ.
ಇನಿದಾದ ದನಿ ಎಂದು ಪುಸ್ತಕದಲ್ಲಿತ್ತು.
ಕರೆಯುವುದು ಇಂಚು ಎಂದು. ಅವಳಿಗೆ ಕೇಳಿಸುವುದಿಲ್ಲ,
ಆದರೂ ಕರೆಯುತ್ತೇವೆ.

ಆಸ್ಪತ್ರೆಯ ಟೇಪಿನಲ್ಲಿ ಸೆಂಟಿಮೀಟರು.
ತಲೆಯ ಸುತ್ತ ಸುತ್ತಿ, ಕಾರ್ಡಿನಲ್ಲಿ ಚುಕ್ಕಿ ಇಡುತ್ತಾರೆ.
ಏರುವ ಗೆರೆಗಳೆಲ್ಲ ಮೇಲೆ,
ಕೆಳಗೆ ಬಿಳಿ ಜಾಗದಲ್ಲಿ ನಮ್ಮದು.
ನಾಲ್ಕು ವರ್ಷದ ಚುಕ್ಕಿ,
ಎಳೆ ಕೂಡಿ ರಂಗೋಲಿ ಆಗಲಿಲ್ಲ.

"ಮೂರನೇ ತಿಂಗಳಲ್ಲಿ ಜ್ವರ ಬಂದಿತ್ತಾ? ಮೈ ಕೆಂಪಾಗಿತ್ತಾ?"
ಬಂದಿತ್ತು ಸಾರ್. ಮೂರು ದಿನ.
ಬೆವರುಸಾಲೆ ಅಂದುಕೊಂಡೆ.
ಏಪ್ರಿಲ್ಲು, ತಗಡಿನ ಛಾವಣಿ, ಮೈಸೂರು ರಸ್ತೆಯ ಗಾರ್ಮೆಂಟ್ಸು,
ಗಂಟೆಗೆ ಎಂಬತ್ತು ಕಾಲರು.
ರಜೆ ಹಾಕಿದರೆ ಹಾಜರಾತಿ ಬೋನಸ್ಸು ಹೋಗುತ್ತದೆ, ಹಾಜರಾದೆ.
ಪಕ್ಕದ ಮಿಷನ್ನಿನ ಸಣ್ಣೀರಮ್ಮನಿಗೂ ಹಾಗೇ ಆಗಿತ್ತು.
ಒಂದೇ ಬಾಟಲಿಯ ನೀರು ಕುಡಿದು
ಒಬ್ಬರ ಬೆನ್ನಿಗೊಬ್ಬರು ಪೌಡರು ಹಾಕಿ ನಕ್ಕಿದ್ದೆವು.

ನನಗೆ ಬಂದದ್ದು ನನ್ನನ್ನು ಬಿಟ್ಟು ಹೋಯಿತು.
ಒಳಗೆ, ಆಗಷ್ಟೇ ಕಣ್ಣು ಕಿವಿ ಹೊಲಿಯುತ್ತಿದ್ದ ಕಡೆ,
ದಾರ ಕಡಿದುಹಾಕಿತ್ತು.

ಗ್ರಹಣದ ದಿನ ಈಳಿಗೆ ಮುಟ್ಟಿದೆ ಅಂದರು ಅತ್ತೆ.
ಗಂಡ ಏನೂ ಅನ್ನದೆ ಒರೆಸಿದ ಆಟೋವನ್ನೇ ಒರೆಸಿದ.
"ಮದುವೆಗೆ ಮುಂಚೆಯೇ ಒಂದು ಚುಚ್ಚುಮದ್ದು ಹಾಕಿಸಿದ್ದರೆ..."
ಡಾಕ್ಟರು ವಾಕ್ಯ ಮುಗಿಸಲಿಲ್ಲ.
ಸುಮನಹಳ್ಳಿ ಬ್ರಿಡ್ಜಿನವರೆಗೂ ನಾನೇ ಮುಗಿಸುತ್ತಾ ಬಂದೆ.

ಈಗ ನಾನು ಚೆಕಿಂಗ್ ಟೇಬಲ್ಲಿನಲ್ಲಿ.
ಅಳತೆಗೆ ಬಾರದ್ದಕ್ಕೆ ಕೆಂಪು ಸ್ಟಿಕ್ಕರು.
ಮೊನ್ನೆ ಒಂದು ಮಕ್ಕಳ ಅಂಗಿ, ಕಾಲರು ಅರ್ಧ ಇಂಚು ಕಮ್ಮಿ.
ಕೈ ಗಾಳಿಯಲ್ಲೇ ನಿಂತಿತು.
ಸೂಪರ್‌ವೈಸರ್ ಕೂಗಿದ.
ಅಂಟಿಸಿದೆ.

ಇಂಚುವಿನ ಕಣ್ಣಿನ ಪೊರೆ ತೆಗೆಸಿದ್ದೇವೆ, ದಪ್ಪ ಕನ್ನಡಕ.
ಓರಗೆಯ ಮಕ್ಕಳು ಅಂಗನವಾಡಿಯಲ್ಲಿ ಅ ಆ ಅನ್ನುತ್ತವೆ,
ಇವಳದು ಎರಡೇ ಸನ್ನೆ: ನೀರು, ಇನ್ನೂ.
ಇನ್ನೂ ಕಲಿಯಲು ಏಳು ತಿಂಗಳು ಹಿಡಿಯಿತು.
ಈಗ ಎಲ್ಲದಕ್ಕೂ ಅದೇ,
ದೋಸೆಗೆ, ಸ್ನಾನಕ್ಕೆ, ಕರೆಂಟು ಹೋದ ಕತ್ತಲೆಗೆ.

ನಿನ್ನೆ ರಾತ್ರಿ ಮನೆಯ ಮಿಷನ್ ತುಳಿಯುತ್ತಿದ್ದೆ.
ಅದರ ಹಲಗೆಗೆ ಕೆನ್ನೆ ಒತ್ತಿ ನಿಂತಳು, ಕಣ್ಣು ಮುಚ್ಚಿ.
ನಿಲ್ಲಿಸಿದೆ.
ಬೆರಳಿಗೆ ಬೆರಳು ತಟ್ಟಿದಳು: ಇನ್ನೂ.
ಬಟ್ಟೆ ಮುಗಿದಿತ್ತು.
ಬರಿಯ ಮಿಷನ್ ತುಳಿದೆ, ದಾರವಿಲ್ಲದೆ,
ಹನ್ನೊಂದರವರೆಗೆ,
ಕೆಳಮನೆಯವರು ಬಂದು ಬಾಗಿಲು ಬಡಿಯುವ ತನಕ.