ಖಾಲಿ ಕೈ

ಚೌಬಾರಾ ಸುತ್ತ ಉಲ್ಟಾ ಬಂದ,
ಸುಡಾನಿನ ಹುಡುಗ, ಫಾರ್ಮಸಿ ಓದಾಂವ,
ಯಾರದೋ ಹಳೇ ಸ್ಕೂಟಿ.
ನನ್ನ ಸೀತಾಫಲದ ಬುಟ್ಟಿ ಮಗಚಿತು.
ಹಣ್ಣಾದವು ಅಲ್ಲೇ ಒಡದವು,
ದ್ವಾರಗಾಯಿ ಉರುಳಿ
ಪೊಲೀಸನ ಬೂಟಿನ ತನಕ ಹೋದವು.

"ನಮ್ಮ ದೇಶದಾಗ ಹಿಂಗ" ಅಂತ
ಗಾಳಿಯೊಳಗ ಕೈ ತಿರುವಿದ,
ಮೊಣಕಾಲಿನ ನೆತ್ತರಾ ಒರಸಿಕೊಂತ.
ಬೈಯಾಕ ತೆರೆದ ಬಾಯಿ ಹಂಗೇ ಉಳೀತು.
ಎಡ ಯಾವುದು, ಬಲ ಯಾವುದು,
ನಮ್ಮಿಬ್ಬರ ಹಿಂದಿಯೊಳಗೂ ಅದಲುಬದಲು.
ಒಡದದ್ದೊಂದು ಕೈಗೆ ಕೊಟ್ಟೆ.
ತಿಂದ.
"ಹಾಂ, ಈ ಕೈ ಬ್ಯಾಡ.
ಖಾಲಿ ಅದಲ್ಲಾ, ಆ ಕೈ.
ಆ ಕಡೆ ಹೋಗಪಾ."

ಬೀಜ ಎಲ್ಲಿ ಉಗುಳೂದಂತ ತಿಳೀದೆ
ಮುಷ್ಟಿಯೊಳಗ ಹಿಡಕೊಂಡು ನಿಂತಿದ್ದ.

ಈಗ ಸರೀ ಸುತ್ತಿ ಬರ್ತಾನ, ದಿನಾ.
ನನ್ನ ಕಂಡರ ಆ ಕೈ ಎತ್ತಿ ತೋರಸ್ತಾನ,
ಸ್ಕೂಟಿ ವಾಲತದ.
ನಾ ಬುಟ್ಟಿ ಎಳಕೊಂತೀನಿ.